ದಾಳಿಕೋರರು ಪರದೆಗೆ ಬಾರದಿದ್ದರೆ: ಅಟಾರಿ 2600ರ ದೋಷ ಹುಡುಕುವ ಬಗೆ

ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೊಗೇಮ್ ಯಂತ್ರ ಅಟಾರಿ 2600 ಕೆಟ್ಟಿತೆಂದರೆ ಎಲ್ಲರ ಕೈಯೂ ಮೊದಲು ಸ್ಕ್ರೂಡ್ರೈವರ್ ಹುಡುಕುತ್ತದೆ. ನನ್ನ ಕೈಯೂ ಹುಡುಕುತ್ತಿತ್ತು. ಈಗ ಮಾತ್ರ ಮೊದಲು, ಮೇಲಿನಿಂದ ಇಳಿದುಬರುವ ದಾಳಿಕೋರರನ್ನು ಕೆಳಗಿನ ಫಿರಂಗಿಯಿಂದ ಹೊಡೆಯುವ ಸ್ಪೇಸ್ ಇನ್ವೇಡರ್ಸ್ ಆಟದ ಕಾರ್ಟ್ರಿಜ್ (ಆಟ ತುಂಬಿದ ಡಬ್ಬಿ) ಹಾಕಿ ಎರಡು ನಿಮಿಷ ಆಡುತ್ತೇನೆ, ಆಡಲಾಗದಿದ್ದರೆ ಆಡಲು ಹೆಣಗುತ್ತೇನೆ. ಯಂತ್ರದೊಳಗೆ ಇರುವುದು ಮೂರೇ ಮುಖ್ಯ ಚಿಪ್‌ಗಳು. ಈ ಆಟ ಆ ಮೂರನ್ನೂ ದುಡಿಸುತ್ತದೆ. ಯಾವುದು ಕೈಕೊಟ್ಟಿದೆ ಎಂಬುದನ್ನು ಮಲ್ಟಿಮೀಟರ್‌ಗಿಂತ ಮೊದಲೇ ಪರದೆ ಹೇಳಿಬಿಡುತ್ತದೆ.

ಯಂತ್ರ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1977ರಲ್ಲಿ. 2600 ಎಂಬ ಹೆಸರು ಅಂಟಿಕೊಂಡದ್ದು 1982ರಲ್ಲಿ. ಆಟದ ಮೂಲ ಜಪಾನಿನದು. ಟೈಟೊ ಕಂಪನಿಯ ಟೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ ಆರ್ಕೇಡ್ ಆಟವನ್ನು ರಿಕ್ ಮೌರರ್ ಈ ಪುಟ್ಟ ಯಂತ್ರಕ್ಕೆ ಒಗ್ಗಿಸಿದರು, 1980ರಲ್ಲಿ ಕಾರ್ಟ್ರಿಜ್ ಹೊರಬಂದಿತು. ಅದನ್ನು ಆಡುವುದಕ್ಕೆಂದೇ ಜನ ಯಂತ್ರವನ್ನು ಕೊಂಡರು. ಆದ್ದರಿಂದ ಅಟ್ಟದಿಂದ ಇಳಿಸಿದ ಹಳೆಯ ಪೆಟ್ಟಿಗೆಯಲ್ಲಿ ಬೇರೇನಿಲ್ಲದಿದ್ದರೂ ಈ ಕಾರ್ಟ್ರಿಜ್ ಇರುವ ಸಾಧ್ಯತೆ ಹೆಚ್ಚು.

ಚಿಪ್‌ಗಳ ಪರಿಚಯ ಮೊದಲೇ ಆಗಿಬಿಡಲಿ. 6507 ಎಂಬುದು ಮಿದುಳು, ಸೆಕೆಂಡಿಗೆ ಸುಮಾರು 11.9 ಲಕ್ಷ ಮಿಡಿತ. 6532 ಎಂಬುದು ನೆನಪು ಮತ್ತು ಕಿವಿ: 128 ಬೈಟ್ ರ್‍ಯಾಮ್, ಒಂದು ಟೈಮರ್, ಜಾಯ್‌ಸ್ಟಿಕ್ಕಿನ ನಾಲ್ಕು ದಿಕ್ಕುಗಳನ್ನೂ ಮುಂಭಾಗದ ಸ್ವಿಚ್‌ಗಳನ್ನೂ ಓದುವ ಕೆಲಸ. ಮೂರನೆಯದು ಟಿಐಎ, ಚಿತ್ರ, ಬಣ್ಣ, ಸದ್ದು ಅದರ ಪಾಲು, ಜೊತೆಗೆ ಗುಂಡು ಹಾರಿಸುವ ಗುಂಡಿಯನ್ನು ಓದುವುದೂ. 128 ಬೈಟ್ ಎಂದರೆ ಎಷ್ಟು ಎಂದು ಕೇಳುವವರಿಗೆ ಒಂದು ಲೆಕ್ಕ: ಯೂನಿಕೋಡ್‌ನ ಬಳಕೆಯ ರೂಪದಲ್ಲಿ ಒಂದು ಬಿಡಿ ಕನ್ನಡ ಅಕ್ಷರಕ್ಕೆ 3 ಬೈಟ್ ಬೇಕು, ಗುಣಿತಾಕ್ಷರವಾದರೆ 6. ಈ ಯಂತ್ರದ ನೆನಪಿನಲ್ಲಿ ನಾನು ಈಗಷ್ಟೇ ಬರೆದ ಒಂದು ವಾಕ್ಯವೂ ಹಿಡಿಸುವುದಿಲ್ಲ. ಯಾವ ದಾಳಿಕೋರ ಬದುಕಿದ್ದಾನೆ, ಫಿರಂಗಿ ಎಲ್ಲಿದೆ, ಅಂಕ ಎಷ್ಟು ಎಂಬ ಸಕಲ ಸಂಸಾರವೂ ಅಷ್ಟರಲ್ಲೇ ನಡೆಯಬೇಕು.

ಚಿತ್ರವನ್ನು ಕೂಡಿಡಲು ಅಲ್ಲಿ ಜಾಗವೇ ಇಲ್ಲ. ಟಿವಿಯ ಕಿರಣ ಒಂದೊಂದು ಗೆರೆ ಎಳೆಯುತ್ತಿರುವಾಗಲೇ 6507 ಆ ಗೆರೆಗೆ ಬೇಕಾದುದನ್ನು ಟಿಐಎಗೆ ಒದಗಿಸುತ್ತ ಹೋಗಬೇಕು. ಗೆರೆಗೆ ಸಿಗುವುದು 76 ಮಿಡಿತ. ಒಂದು ಚಿತ್ರ ಮುಗಿಯಿತು, ಇನ್ನು ಮೇಲಿನಿಂದ ಶುರುಮಾಡು ಎಂದು ಟಿವಿಗೆ ಹೇಳುವುದು ಕೂಡ ಕಾರ್ಟ್ರಿಜ್‌ನಲ್ಲಿರುವ ಪ್ರೋಗ್ರಾಮೇ. ದೋಷ ಹುಡುಕುವವರಿಗೆ ಇದಕ್ಕಿಂತ ಉಪಯುಕ್ತವಾದ ಸಂಗತಿ ಮತ್ತೊಂದಿಲ್ಲ. ಪರದೆಯ ಮೇಲೆ ಸ್ಥಿರವಾದ ಚಿತ್ರ ನಿಂತಿದೆ ಎಂದರೆ ಮಿದುಳು ಕೆಲಸ ಮಾಡುತ್ತಿದೆ, ಕಾರ್ಟ್ರಿಜ್ ಓದಿಸಿಕೊಳ್ಳುತ್ತಿದೆ.

ಮೊದಲ ಕವಲು: ಹಿಮವೋ, ಕತ್ತಲೋ?

ಟಿವಿಯನ್ನು ಸರಿಯಾದ ಚಾನೆಲ್ಲಿಗೆ ಇಟ್ಟು, ಯಂತ್ರದ ಸ್ವಿಚ್ ಹಾಕಿ, ತೆಗೆಯಿರಿ. ಹಾಕಿದಾಗಲೂ ತೆಗೆದಾಗಲೂ ಪರದೆಯ ಮೇಲೆ ಅದೇ ಚುಕ್ಕೆಗಳ ಹಿಮ ಸುರಿಯುತ್ತಿದ್ದರೆ ಯಂತ್ರದಿಂದ ಟಿವಿಗೆ ಏನೂ ತಲುಪುತ್ತಿಲ್ಲ: ಒಂದೋ ವಿದ್ಯುತ್ತು ಇಲ್ಲ, ಇಲ್ಲವೇ ಕೇಬಲ್ ಹೋಗಿದೆ. ಹಾಕಿದ ಕೂಡಲೇ ಹಿಮ ಮಾಯವಾಗಿ ಕಪ್ಪು ಪರದೆಯೋ, ಉದ್ದುದ್ದ ಪಟ್ಟೆಗಳೋ, ಉರುಳುವ ಬಣ್ಣಗಳೋ ಬಂದರೆ ವಿದ್ಯುತ್ತೂ ಇದೆ, ಕೇಬಲ್ಲೂ ಇದೆ. ಕಾರ್ಟ್ರಿಜ್ ಅಥವಾ ಚಿಪ್ ಕಡೆ ನೋಡಬೇಕು. ಈ ಹತ್ತು ಸೆಕೆಂಡಿನ ಪರೀಕ್ಷೆ ಮಾಡದೆ ಚಿಪ್ ಕೀಳಲು ಹೊರಟವರನ್ನು ನಾನು ಕಂಡಿದ್ದೇನೆ.

ಹಿಮವಾದರೆ ಅಡಾಪ್ಟರ್‌ನಿಂದ ಆರಂಭಿಸಿ. ಬೇಕಾದದ್ದು 9 ವೋಲ್ಟ್ ಡಿಸಿ, 500 ಮಿಲಿಆಂಪಿಯರ್. ಪಿನ್ನು ಹಳೆಯ ಟೇಪ್ ರೆಕಾರ್ಡರಿನ ಇಯರ್‌ಫೋನಿನಂಥ 3.5 ಮಿ.ಮೀ. ಮೋನೊ, ತುದಿ ಧನ. ಮೂಲ ಅಡಾಪ್ಟರ್ ಹೊರೆಯಿಲ್ಲದೆ ಅಳೆದಾಗ 12 ವೋಲ್ಟ್ ದಾಟಿ ತೋರಿಸಿದರೆ ಗಾಬರಿ ಬೇಡ, ರೆಗ್ಯುಲೇಟರ್ ಇಲ್ಲದ ಹಳೆಯ ಅಡಾಪ್ಟರ್‌ಗಳ ಸ್ವಭಾವವೇ ಅದು. ಒಳಗೆ 7805 ರೆಗ್ಯುಲೇಟರ್ ಇದ್ದು ಅದನ್ನು 5 ವೋಲ್ಟ್‌ಗೆ ಇಳಿಸುತ್ತದೆ.

ಇಲ್ಲಿ ಭಾರತದಲ್ಲಿರುವವರಿಗೆ ಒಂದು ಮಾತು. ಅಮೆರಿಕದಿಂದ ಬಂದ ಯಂತ್ರದ ಅಡಾಪ್ಟರ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಸೋದರಮಾವ ತಂದುಕೊಟ್ಟ ಪೆಟ್ಟಿಗೆಯನ್ನು ಬಿಚ್ಚಿದ ಸಂಭ್ರಮದಲ್ಲಿ ನಾನು ಅದರ ಚಪ್ಪಟೆ ಪಿನ್ನುಗಳಿಗೆ ಎರಡು ರೂಪಾಯಿಯ ಪರಿವರ್ತಕವೊಂದನ್ನು ಸಿಕ್ಕಿಸಿ ನೇರ ಗೋಡೆಗೇ ಚುಚ್ಚಿದ್ದೆ. ಆ ಪರಿವರ್ತಕ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟನ್ನಲ್ಲ ಎಂಬುದು ಅರಗಿನಂಥ ವಾಸನೆ ಮೂಗಿಗೆ ಬಡಿದಾಗ ಹೊಳೆಯಿತು. ಅದೃಷ್ಟಕ್ಕೆ ಸತ್ತದ್ದು ಅಡಾಪ್ಟರ್ ಒಂದೇ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ತು ತರುವುದಕ್ಕಿಂತ ಇಲ್ಲಿಯದೇ ಒಂದು 9 ವೋಲ್ಟ್ ಅಡಾಪ್ಟರ್ ಕೊಂಡು, ಅದರ ಪಿನ್ ಕತ್ತರಿಸಿ, 3.5 ಮಿ.ಮೀ. ಪಿನ್ ಬೆಸೆದುಕೊಳ್ಳುವುದು ಅಗ್ಗ. ಬೆಸೆದ ಮೇಲೆ ಧನ, ಋಣ ಎರಡನ್ನೂ ಮಲ್ಟಿಮೀಟರ್‌ನಲ್ಲಿ ನೋಡದೆ ಯಂತ್ರಕ್ಕೆ ಚುಚ್ಚಬೇಡಿ. ಈ ಬಗೆಯ ಪಿನ್ ಒಳಹೋಗುವಾಗ, ಹೊರಬರುವಾಗ ಕ್ಷಣಕಾಲ ಶಾರ್ಟ್ ಆಗುವ ಅಪಾಯವೂ ಇದೆ. ಆದ್ದರಿಂದ ಮೊದಲು ಯಂತ್ರಕ್ಕೆ, ಆಮೇಲೆ ಗೋಡೆಗೆ.

ಅಡಾಪ್ಟರ್ ಸರಿಯಿದ್ದೂ ಜೀವ ಬರದಿದ್ದರೆ ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ. ಒಮ್ಮೆ ಹತ್ತಿ ಒಮ್ಮೆ ಆರಿದರೆ ಜ್ಯಾಕ್‌ನ ಬುಡದ ಬೆಸುಗೆ ಬಿರುಕುಬಿಟ್ಟಿದೆ. ಮತ್ತೆ ಬೆಸೆದರೆ ಮುಗಿಯಿತು. ಅದೂ ಅಲ್ಲವಾದರೆ 7805ರ ಹೊರದಾರಿಯಲ್ಲಿ ಅಳೆಯಿರಿ, 5 ವೋಲ್ಟಿಗೆ ಸಮೀಪ ಇರಬೇಕು. ಚಿತ್ರ ಬರುತ್ತಿದೆ, ಆದರೆ ಅಡ್ಡ ಅಲೆಗಳು ಪರದೆಯ ಮೇಲೆ ನಿಧಾನವಾಗಿ ಏರುತ್ತಿವೆ, ಟಿವಿಯಿಂದ ಗುಂಯ್ ಎಂಬ ಸದ್ದಿದೆ ಎಂದಾದರೆ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದೆ. ಅದನ್ನೂ 7805ನ್ನೂ ಒಟ್ಟಿಗೇ ಬದಲಿಸಿಬಿಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಊರಿನ ಯಾವುದೇ ಬಿಡಿಭಾಗಗಳ ಅಂಗಡಿಯಲ್ಲಾಗಲಿ ಸಿಗದ ವಸ್ತುಗಳೇನಲ್ಲ ಅವು.

ದೋಷವೇ ಇಲ್ಲದ ದೋಷ

ಅಮೆರಿಕದ ಯಂತ್ರವನ್ನು ನಮ್ಮ ಹಳೆಯ ಟಿವಿಗೆ ಜೋಡಿಸಿದರೆ ಚಿತ್ರ ಕಪ್ಪುಬಿಳುಪಾಗಿ ಬರಬಹುದು, ಉರುಳಬಹುದು, ಸದ್ದೇ ಇರದಿರಬಹುದು. ಮೂರು ಲಕ್ಷಣ, ಯಂತ್ರದಲ್ಲಿ ಮಾತ್ರ ಒಂದು ದೋಷವೂ ಇಲ್ಲ. ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ, ನಮ್ಮದು ಪಾಲ್ ಎಂಬ ಬೇರೆ ಪದ್ಧತಿ. ಅದರ ಬಣ್ಣ 3.58 ಮೆಗಾಹರ್ಟ್ಸ್‌ನ ಉಪವಾಹಕದ ಮೇಲೆ ಕೂತಿರುತ್ತದೆ, ನಮ್ಮ ಟಿವಿ 4.43ರಲ್ಲಿ ಹುಡುಕುತ್ತದೆ. ಅದು ಸೆಕೆಂಡಿಗೆ 60 ಸಲ 262 ಗೆರೆ ಎಳೆಯುತ್ತದೆ, ನಮ್ಮ ಟಿವಿ 50 ಸಲ 312ನ್ನು ನಿರೀಕ್ಷಿಸುತ್ತದೆ. ಅದರ ಸದ್ದು ಚಿತ್ರದ ವಾಹಕದಿಂದ 4.5 ಮೆಗಾಹರ್ಟ್ಸ್ ಮೇಲಿದ್ದರೆ ನಮ್ಮದು 5.5. ಅವರ 2ನೇ ಚಾನೆಲ್ಲಿನ ಚಿತ್ರವಾಹಕವೂ ನಮ್ಮ 3ನೆಯದರದೂ 55.25 ಮೆಗಾಹರ್ಟ್ಸ್‌ನಲ್ಲೇ ಇರುವುದರಿಂದ ಚಿತ್ರ ಸಲೀಸಾಗಿ ಸಿಕ್ಕಿಬಿಡುತ್ತದೆ, ಸದ್ದು ಸಿಗುವುದಿಲ್ಲ. ನೋಡುವವರು ಟಿಐಎ ಅರ್ಧ ಸತ್ತಿದೆ ಎಂದುಕೊಳ್ಳುತ್ತಾರೆ. ಬಹುಪದ್ಧತಿಯ ಟಿವಿ ಇದ್ದರೆ ಬಣ್ಣವನ್ನು ಎನ್‌ಟಿಎಸ್‌ಸಿಗೆ, ಧ್ವನಿ ಪದ್ಧತಿಯನ್ನು ‘ಎಂ’ಗೆ ಇಡಿ. ಉರುಳುವಿಕೆಗೆ ಹಳೆಯ ಟಿವಿಯ ಹಿಂದಿನ ವರ್ಟಿಕಲ್ ಹೋಲ್ಡ್ ತಿರುಪು ಸಾಕು.

ಒಂದೇ ಒಂದು ಕಾರ್ಟ್ರಿಜ್ ಉರುಳಿ, ಉಳಿದವು ನಿಂತರೆ ಆ ಕಾರ್ಟ್ರಿಜ್ ಬೇರೆ ಪದ್ಧತಿಯದು. ಎಷ್ಟು ಗೆರೆ ಎಳೆಯಬೇಕೆಂದು ನಿರ್ಧರಿಸುವುದು ಕಾರ್ಟ್ರಿಜ್ ಎಂಬುದನ್ನು ಮರೆಯಬೇಡಿ.

ಕಪ್ಪು ಪರದೆ, ಉದ್ದ ಪಟ್ಟೆ

ಹತ್ತರಲ್ಲಿ ಎಂಟು ಸಲ ಕಾರಣ ಕಾರ್ಟ್ರಿಜ್‌ನ ಬಾಯಿ. ಅಲ್ಲಿ 24 ಸಂಪರ್ಕಗಳಿವೆ, ಬದಿಗೆ 12ರಂತೆ. ಒಂದರ ಮೇಲೆ ಕೊಳೆ ಕೂತರೂ ಮಿದುಳಿಗೆ ಸಿಗುವ ಆಜ್ಞೆ ತಪ್ಪಾಗುತ್ತದೆ, ತಪ್ಪು ಆಜ್ಞೆ ಪಡೆದ ಮಿದುಳು ಎಲ್ಲೋ ಕಳೆದುಹೋಗುತ್ತದೆ, ಟಿಐಎ ತನ್ನ ಪಾಡಿಗೆ ಪಟ್ಟೆ ಬಿಡಿಸುತ್ತ ಕೂರುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಕಪ್ಪು ಬರುವುದು ನಿಲ್ಲುವವರೆಗೂ ಒರೆಸಿ. ಶಾಲಾಮಕ್ಕಳ ಪೆನ್ಸಿಲ್ ರಬ್ಬರು ಒಂದು ಸಲಕ್ಕೆ ಪರವಾಗಿಲ್ಲ, ಮರಳುಕಾಗದ ತೋರಿಸಲೇಬೇಡಿ. ಬಾಯಿಂದ ಊದುವ ಅಭ್ಯಾಸ ಎಲ್ಲ ದೇಶದ ಮಕ್ಕಳಿಗೂ ಇದೆ, ಅದರಿಂದ ಸಂಪರ್ಕಕ್ಕೆ ಸಿಗುವುದು ಎಂಜಲಿನ ತೇವ ಮಾತ್ರ.

ಅಟಾರಿಯ ಸ್ವಂತ ಕಾರ್ಟ್ರಿಜ್‌ಗಳಲ್ಲಿ ಇನ್ನೊಂದು ಕುತಂತ್ರವಿದೆ. ಧೂಳು ಹೋಗದಿರಲೆಂದು ಬಾಯಿಗೆ ಸ್ಪ್ರಿಂಗಿನ ಮುಚ್ಚಳ ಇಟ್ಟಿದ್ದಾರೆ. ಯಂತ್ರದ ಗೂಡಿನೊಳಗಿನ ಎರಡು ಪ್ಲಾಸ್ಟಿಕ್ ಗೂಟಗಳು ಅದನ್ನು ಬಿಡಿಸಿ ಹಿಂದಕ್ಕೆ ಸರಿಸಬೇಕು. ಸ್ಪ್ರಿಂಗ್ ಜಡ್ಡುಗಟ್ಟಿದರೆ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ, ಕಾರ್ಟ್ರಿಜ್ ಪೂರ್ತಿ ಕೂತಂತೆ ಕಂಡರೂ ಕೂತಿರುವುದಿಲ್ಲ. ಕಾರ್ಟ್ರಿಜ್ ಕೂರಿಸಿದ ಮೇಲೆ ಅದರ ಎತ್ತರವನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿ: ಒಂದಿಷ್ಟು ಹೆಚ್ಚು ಹೊರಗೆ ಉಳಿದಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಇದನ್ನೆಲ್ಲ ಮಾಡುವಾಗ ಯಂತ್ರ ಆರಿರಲಿ.

ಎರಡು ಮೂರು ಕಾರ್ಟ್ರಿಜ್ ಹಾಕಿದರೂ ಪಟ್ಟೆಯೇ ಬಂದರೆ ಆಗ ಮುಚ್ಚಳ ಬಿಚ್ಚುವ ಸಮಯ. ಆರು ಸ್ವಿಚ್ಚಿನ ಮತ್ತು ನಾಲ್ಕು ಸ್ವಿಚ್ಚಿನ ಹಳೆಯ ಮಾದರಿಗಳಲ್ಲಿ ಮೂರೂ ಚಿಪ್‌ಗಳು ಸಾಮಾನ್ಯವಾಗಿ ಸಾಕೆಟ್‌ನಲ್ಲಿ ಕೂತಿರುತ್ತವೆ, ಲೋಹದ ಕವಚದ ಕೆಳಗೆ. ದಶಕಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಅವು ಸಾಕೆಟ್‌ನಿಂದ ಕೂದಲೆಳೆಯಷ್ಟು ಮೇಲೇಳುತ್ತವೆ. ಭೂಸಂಪರ್ಕವಿರುವ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತು ಕಳೆದುಕೊಂಡು, ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ. ಅಷ್ಟಕ್ಕೇ ಎದ್ದು ಕೂತ ಯಂತ್ರಗಳಿವೆ. ಒತ್ತಿದ್ದು ಸಾಲದಿದ್ದರೆ ತೆಗೆದು, ಕಾಲುಗಳನ್ನು ಒರೆಸಿ, ಮತ್ತೆ ಕೂರಿಸಿ. ಆದರೆ ಒಂದು ಎಚ್ಚರ: 6507ಗೆ 28 ಕಾಲು, ಅದು ತಪ್ಪುವುದಿಲ್ಲ, 6532 ಮತ್ತು ಟಿಐಎ ಎರಡಕ್ಕೂ 40. ಅದಲುಬದಲಾದರೂ ಎರಡೂ ಸಲೀಸಾಗಿ ಕೂರುತ್ತವೆ. ಅಂಚಿನ ಕಚ್ಚು ಯಾವ ಕಡೆಗಿತ್ತು ಎಂಬುದನ್ನೂ ಸೇರಿಸಿ ಮೊದಲೇ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಚಿತ್ರ ಬಂದಿದೆ, ಆದರೆ

ಇಲ್ಲಿಂದ ಮುಂದೆ ಆಟವೇ ಮೀಟರು. ದಾಳಿಕೋರರು 36 ಮಂದಿ, ಆರು ಸಾಲು, ಸಾಲಿಗೆ ಆರು. ಆರ್ಕೇಡ್‌ನಲ್ಲಿ 55 ಇದ್ದರು. ಇಲ್ಲಿ ಕಡಿಮೆಯಾದದ್ದಕ್ಕೆ ಕಾರಣ ಟಿಐಎ. ಅದಕ್ಕೆ ಗೊತ್ತಿರುವುದು ಎರಡೇ ಆಟಗಾರರ ಬೊಂಬೆ, ಎರಡು ಕ್ಷಿಪಣಿ, ಒಂದು ಚೆಂಡು ಮತ್ತು ಹಿನ್ನೆಲೆ. ಒಂದು ಬೊಂಬೆಯನ್ನು ಒಂದೇ ಗೆರೆಯಲ್ಲಿ ಮೂರು ಪ್ರತಿಯಾಗಿ ಬಿಡಿಸಬಲ್ಲದು, ಎರಡಕ್ಕೆ ಮೂರರಂತೆ ಆರು. ಈಗ ದೋಷ ಓದುವುದು ಸುಲಭ: ಆಟ ಸುಸೂತ್ರ ನಡೆಯುತ್ತಿದ್ದು ಪ್ರತಿ ಸಾಲಿನಲ್ಲೂ ಮೂವರು ದಾಳಿಕೋರರು ಆರಂಭದಿಂದಲೇ ಕಾಣೆಯಾಗಿದ್ದರೆ ಟಿಐಎಯ ಒಂದು ಬೊಂಬೆ ಸತ್ತಿದೆ. ಚಿತ್ರ ಚೆನ್ನಾಗಿದ್ದು ಹೆಜ್ಜೆಸದ್ದು ಕೇಳಿಸಿ ಗುಂಡಿನ ಸದ್ದು ಮಾತ್ರ ಇಲ್ಲವಾದರೂ ಅನುಮಾನ ಅದರ ಮೇಲೆಯೇ. ಅದರ ಎರಡು ಧ್ವನಿಗಳಲ್ಲಿ ಒಂದು ಹೋಗಿರಬಹುದು. ಬದಲಿಗೆ ದಾಳಿಕೋರರು ತಂತಾನೇ ಸಾಯುವುದು, ಅಂಕ ಎಲ್ಲಿಂದೆಲ್ಲಿಗೋ ಹಾರುವುದು, ನಡುವೆ ಆಟ ನಿಂತುಬಿಡುವುದು ಕಂಡರೆ ನೆನಪಿನ ದೋಷ, ಅಂದರೆ 6532. ಕಾರ್ಟ್ರಿಜ್ ಒರೆಸಿ ಖಚಿತಪಡಿಸಿಕೊಂಡ ಮೇಲೆ ಮಾತ್ರ ಈ ತೀರ್ಮಾನಕ್ಕೆ ಬನ್ನಿ.

ಬಣ್ಣ ಮಾತ್ರ ಹೋಗಿದ್ದರೆ ಮೊದಲು ಮುಂಭಾಗದ ಕಲರ್–ಕಪ್ಪುಬಿಳುಪು ಸ್ವಿಚ್ಚು. ಅದು ನೇರವಾಗಿ ಬಣ್ಣವನ್ನು ಕತ್ತರಿಸುವುದಿಲ್ಲ, ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಹಾಗಾಗಿ ಒಂದು ಆಟ ಬೂದಿಯಾಗಿ ಇನ್ನೊಂದು ಬಣ್ಣದಲ್ಲಿ ಬಂದರೆ ಸ್ವಿಚ್ಚಿನ ಕೊಳೆ ಎಂದೇ ಅರ್ಥ. ನಂತರದ ಕೆಲವು ಆಟಗಳು ಆ ಸ್ವಿಚ್ಚನ್ನು ಕಡೆಗಣಿಸಿವೆ. ಎಲ್ಲ ಆಟಗಳೂ ಬೂದಿಯಾದರೆ, ಅಥವಾ ಬಣ್ಣಗಳು ಒಂದರ ಬದಲು ಇನ್ನೊಂದು ಬಂದರೆ, ಬೋರ್ಡಿನ ಮೇಲಿನ ಬಣ್ಣದ ತಿರುಪನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಮಿಡಿತ ಹುಟ್ಟಿಸುವ ಕ್ರಿಸ್ಟಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಬಣ್ಣಕ್ಕೂ ಮಿದುಳಿನ ಮಿಡಿತಕ್ಕೂ ಅದೇ ಒಂದು ಕ್ರಿಸ್ಟಲ್, ಮೂರರಿಂದ ಭಾಗಿಸಿ ಮಿಡಿತ. ಅದು ಸತ್ತಿದ್ದರೆ ಆಟವೇ ಇರುತ್ತಿರಲಿಲ್ಲ.

ಫಿರಂಗಿ ಮಾತು ಕೇಳದಿದ್ದರೆ

ಬಲಕ್ಕೆ ಹೋಗುತ್ತದೆ, ಎಡಕ್ಕೆ ಬರುವುದಿಲ್ಲ. ಇದು ಎಲ್ಲಕ್ಕಿಂತ ಸಾಮಾನ್ಯ ದೂರು. ಇನ್ನೊಂದು ಜಾಯ್‌ಸ್ಟಿಕ್ ಚುಚ್ಚಿ ನೋಡಿ. ಸರಿಹೋದರೆ ಯಂತ್ರ ನಿರ್ದೋಷಿ. ಎರಡನೆಯದು ಇಲ್ಲವಾದರೆ ಮಲ್ಟಿಮೀಟರ್ ಸಾಕು. ಒಂಬತ್ತು ಪಿನ್ನಿನ ಆ ಕನೆಕ್ಟರ್‌ನಲ್ಲಿ 8ನೆಯದು ನೆಲ (ಗ್ರೌಂಡ್). 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಗುಂಡಿ. ದಂಡವನ್ನು ಎಡಕ್ಕೆ ಒತ್ತಿ ಹಿಡಿದಾಗ 3 ಮತ್ತು 8ರ ನಡುವೆ ಮೀಟರು ಬೀಪ್ ಎನ್ನಬೇಕು. ಬೀಪ್ ಬಂದೂ ಫಿರಂಗಿ ಎಡಕ್ಕೆ ಹೋಗದಿದ್ದರೆ ಯಂತ್ರದ ಪೋರ್ಟ್ ಅಥವಾ 6532. ಐದೂ ಬೀಪ್ ಬಂದು ಗುಂಡಿ ಮಾತ್ರ ಓಡದಿದ್ದರೆ ಪೋರ್ಟ್ ಅಥವಾ ಟಿಐಎ ಕಡೆ ನೋಡಿ.

ಬೀಪ್ ಬಾರದಿದ್ದರೆ ಜಾಯ್‌ಸ್ಟಿಕ್ ಬಿಚ್ಚಿ. ಅಡಿಯಲ್ಲಿ ನಾಲ್ಕು ಸ್ಕ್ರೂ. ಮೇಲ್ಭಾಗ ಎತ್ತುವಾಗ ಅಂಗೈಯನ್ನು ಕೆಂಪು ಗುಂಡಿಯ ಬಳಿಯೇ ಅಡ್ಡ ಹಿಡಿದಿರಿ. ಅದರ ಕೆಳಗೊಂದು ಪುಟ್ಟ ಸ್ಪ್ರಿಂಗ್ ಇದೆ, ಮಂಚದಡಿಗೆ ಹಾರುವುದೆಂದರೆ ಅದಕ್ಕೆ ಬಲು ಇಷ್ಟ. ಒಳಗೆ ಕಾಣುವುದು ಅಂಗೈಯಗಲದ ಒಂದು ಬೋರ್ಡು. ಅದರ ಮೇಲೆ ಪಾರದರ್ಶಕ ಟೇಪಿನಡಿ ಉಬ್ಬಿದ ಐದು ಲೋಹದ ಬಿಲ್ಲೆಗಳು. ಬೆರಳಿನಿಂದ ಒಂದೊಂದನ್ನೂ ಒತ್ತಿ: ಹಪ್ಪಳ ಮುರಿದಂತೆ ಚಿಕ್ಕದೊಂದು ‘ಚಟ್’ ಬೆರಳಿಗೆ ತಾಗಬೇಕು. ಚಟ್ ಇಲ್ಲದೆ ಮೆತ್ತಗೆ ಒಳಗೆ ಹೋದರೆ ಬಿಲ್ಲೆ ಸೋತಿದೆ. ಚಟ್ ಇದ್ದೂ ಸಂಪರ್ಕ ಇಲ್ಲವಾದರೆ ಟೇಪಿನಡಿ ತೇವ ಹೋಗಿ ಕಪ್ಪಾಗಿದೆ. ಟೇಪನ್ನು ಒಂದು ಅಂಚಿನಿಂದ ಎಬ್ಬಿಸಿ, ಬಿಲ್ಲೆಯ ಒಳಮೈ ಒರೆಸಿ, ಮತ್ತೆ ಅಂಟಿಸಬಹುದು.

ಬಿಲ್ಲೆಗಳೆಲ್ಲ ಚೆನ್ನಾಗಿವೆ ಎಂದರೆ ಈಗ ರಬ್ಬರಿನ ದಂಡದೊಳಗಿನ ಬಿಳಿ ಪ್ಲಾಸ್ಟಿಕ್ ತುಂಡನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ದಂಡ ಬಾಗಿದಾಗ ಬಿಲ್ಲೆಯನ್ನು ಒತ್ತುವುದು ಇದರ ಅಂಚು. ಆಟದ ಆವೇಶದಲ್ಲಿ ದಂಡವನ್ನು ಬೇರು ಸಮೇತ ಕೀಳುವಂತೆ ಎಳೆದಾಗ ಮುರಿಯುವುದೂ ಇದೇ. ಅಂಟು ಹಾಕಿದರೆ ಒಂದು ಸಂಜೆ ಬರುತ್ತದೆ, ಎರಡನೆಯ ಸಂಜೆಗೆ ಮತ್ತೆ ಬಿಡುತ್ತದೆ. ಹೊಸ ತುಂಡು ತರಿಸುವುದೇ ಸರಿ. ಅದು ಬರುವವರೆಗೂ ತಾಳ್ಮೆಯಿಲ್ಲದವರಿಗೆ ಒಂದು ಉಪಾಯ: ಈ ಆಟಕ್ಕೆ ಮೇಲೆ–ಕೆಳಗೆ ಬೇಕಿಲ್ಲ. ಬೋರ್ಡಿಗೆ ಸಿಕ್ಕಿಸಿರುವ ತಂತಿಗಳನ್ನು ಬದಲಿಸಿ ಎಡದ ತಂತಿಯನ್ನು ಮೇಲಿನದಕ್ಕೂ ಬಲದ್ದನ್ನು ಕೆಳಗಿನದಕ್ಕೂ ಹಾಕಿ, ಜಾಯ್‌ಸ್ಟಿಕ್ಕನ್ನು ಕಾಲು ಸುತ್ತು ತಿರುಗಿಸಿ ಹಿಡಿದರೆ ಆಟ ನಡೆಯುತ್ತದೆ. ಮೂಲ ಜೋಡಣೆಯ ಚಿತ್ರ ತೆಗೆದಿಟ್ಟುಕೊಂಡಿದ್ದರೆ ಮಾತ್ರ.

ಬಿಚ್ಚುವ ಮೊದಲು ಇಷ್ಟನ್ನು ನೋಡಿ

ಗುಂಡಿ ಒತ್ತಿದರೂ ಕೆಲವೊಮ್ಮೆ ಗುಂಡು ಹಾರುವುದಿಲ್ಲ ಎಂಬ ದೂರು ಬಹುಪಾಲು ಸುಳ್ಳು. ನಿಮ್ಮ ಒಂದು ಗುಂಡು ಆಕಾಶದಲ್ಲಿರುವಾಗ ಇನ್ನೊಂದು ಹೊರಡುವುದಿಲ್ಲ, ಆಟದ ನಿಯಮವೇ ಹಾಗೆ. ಫಿರಂಗಿ ಇದ್ದಕ್ಕಿದ್ದಂತೆ ಎರಡರಷ್ಟು ಅಗಲವಾಗಿದ್ದರೆ ಡಿಫಿಕಲ್ಟಿ ಸ್ವಿಚ್ಚು ‘ಎ’ಗೆ ಸರಿದಿದೆ. ದಾಳಿಕೋರರೇ ಕಾಣದೆ ಬಾಂಬು ಮಾತ್ರ ಬೀಳುತ್ತಿದ್ದರೆ, ಒಬ್ಬ ಸತ್ತಾಗ ಉಳಿದವರು ಕ್ಷಣಕಾಲ ಮಿಂಚಿ ಮಾಯವಾದರೆ, ಟಿಐಎಗೆ ಶಾಪ ಹಾಕಬೇಡಿ: ಕಾರ್ಟ್ರಿಜ್‌ನಲ್ಲಿ 112 ಬಗೆಯ ಆಟಗಳಿವೆ, ಅದೃಶ್ಯ ದಾಳಿಕೋರರದೂ ಅವುಗಳಲ್ಲಿದೆ. ಸೆಲೆಕ್ಟ್ ಒತ್ತಿ 1ಕ್ಕೆ ಬನ್ನಿ. ಗುರಾಣಿಗಳು ಅತ್ತಿತ್ತ ಸರಿಯುವುದೂ ಬಾಂಬು ಸೊಟ್ಟಸೊಟ್ಟ ಬೀಳುವುದೂ ಇದೇ ಲೆಕ್ಕ. ಸುಮ್ಮನೆ ಬಿಟ್ಟ ಯಂತ್ರ ತಂತಾನೇ ಬಣ್ಣ ಬದಲಿಸುತ್ತಿದ್ದರೆ ಅದು ಟಿವಿಯ ಪರದೆ ಸುಟ್ಟು ಕಲೆಯಾಗದಿರಲೆಂದು ಮಾಡಿದ ಏರ್ಪಾಡು.

ಇನ್ನು ಉಳಿದದ್ದು ನನಗೆ ಅತ್ಯಂತ ಪ್ರಿಯವಾದ ದೋಷ: ಫಿರಂಗಿ ಒಂದೇ ಸಲಕ್ಕೆ ಎರಡು ಗುಂಡು ಹಾರಿಸುತ್ತದೆ. ರೀಸೆಟ್ ಒತ್ತಿ ಹಿಡಿದುಕೊಂಡೇ ಯಂತ್ರದ ಸ್ವಿಚ್ ಹಾಕಿದರೆ ಹೀಗಾಗುತ್ತದೆಂಬುದು ಆ ಕಾಲದ ಮಕ್ಕಳಿಗೆಲ್ಲ ಗೊತ್ತಿದ್ದ ಗುಟ್ಟು. ಯಾರೂ ಏನೂ ಒತ್ತದೆ ಹೀಗಾಗುತ್ತಿದ್ದರೆ ರೀಸೆಟ್ ಸ್ವಿಚ್ಚಿಗೆ ಜಿಡ್ಡು ಹಿಡಿದಿದೆ. ಹಿಂದಿನ ಸಲ ಒತ್ತಿದ್ದು ಪೂರ್ತಿ ಮೇಲೇಳದೆ ಕೂತಿದೆ. ಅದೇ ಸ್ವಿಚ್ಚು ಪೂರ್ತಿ ಸಿಕ್ಕಿಹಾಕಿಕೊಂಡರೆ ಆಟ ಶುರುವೇ ಆಗುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಪವರ್ ಸ್ವಿಚ್ಚನ್ನು ಪಟಪಟನೆ ಹಾಕಿ ತೆಗೆದು ಇದೇ ಜೋಡಿಗುಂಡು ಬರಿಸುವವರೂ ಇದ್ದಾರೆ. ನಲವತ್ತು ದಾಟಿದ ಚಿಪ್‌ಗಳ ಮೇಲೆ ಆ ಪ್ರಯೋಗ ಬೇಡ.

ನಮ್ಮ ಮನೆಯ ಯಂತ್ರದ ರೀಸೆಟ್ ಇನ್ನೂ ಸ್ವಲ್ಪ ಜಿಡ್ಡಾಗಿಯೇ ಇದೆ. ಒರೆಸಲು ಹೋದಾಗಲೆಲ್ಲ ತಂಗಿಯ ಮಗ ಅಡ್ಡ ಬರುತ್ತಾನೆ.